ಕಲ್ಲಿನ ಮೇಲಿನ ಗೆರೆ

ನಮ್ಮ ಮಗಳ ಸಂಸಾರ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ಪಟ್ಟಣದಲ್ಲಿದೆ. ಎರಡು ವರ್ಷಗಳ ಹಿಂದೆ ಅವಳ ಬಾಣಂತನದ ನಿಮಿತ್ತ ನಾನೂ ನನ್ನ ಧರ್ಮಪತ್ನಿಯೂ ಅಲ್ಲಿ ಐದು ತಿಂಗಳು ಉಳಿದಿದ್ದೆವು. ಅದು ಮರುಭೂಮಿಯ ಸೀಮೆ. ಹೊತ್ತೇರಿದ ಮೇಲೆ ಹೊರಗೆ ಕಾಲಿಡಲಾಗದು. ಆದುದರಿಂದ ಬೆಳಗಿನ ಸಾಮಾಯಿಕ ಮುಗಿಸಿ, ಬಿಸಿಲು ಬಲಿಯುವ ಮೊದಲೇ ಒಂದಿಷ್ಟು ದೂರ ನಡೆದು ಬರುವುದು ನನ್ನ ವಾಡಿಕೆಯಾಯಿತು. ಹೀಗೆ ನಡೆಯುವಾಗ ಒಂದು ದಿನ ಡಬಲ್ ಬ್ಯೂಟ್ ಎಂಬ ಹಳೆಯ ಸ್ಮಶಾನವೊಂದನ್ನು ಹೊಕ್ಕೆ. ಆ ಊರನ್ನು ಕಟ್ಟಿದ ಮೊದಲ ತಲೆಮಾರಿನ ಅನೇಕರು ಅಲ್ಲಿ ಮಣ್ಣಾಗಿದ್ದಾರೆ. ಅವರ ನಡುವೆ ಟಾಮ್ ಗ್ರಹಾಂ ಎಂಬವನೂ ಇದ್ದಾನೆ. 1892ರ ಆಗಸ್ಟ್ 2ರಂದು ಬಂಡಿಯಲ್ಲಿ ಧಾನ್ಯ ಹೇರಿಕೊಂಡು ಪಟ್ಟಣಕ್ಕೆ ಹೋಗುತ್ತಿದ್ದಾಗ ಬೆನ್ನಿಗೆ ಗುಂಡು ಬಿದ್ದು ಸತ್ತವನು ಅವನು.

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನಿಗೆ ಇಂಥ ಸಂಗತಿ ಸಿಕ್ಕರೆ ಸುಮ್ಮನಿರಲಾಗದು. ಊರಿನ ಗ್ರಂಥಾಲಯಕ್ಕೆ ಹೋಗಿ ದಿನಕ್ಕೊಂದು ತಾಸು ಓದತೊಡಗಿದೆ. ಓದುತ್ತಾ ಹೋದಂತೆ, ಇದು ಯಾರದೋ ದೇಶದ ಯಾರದೋ ಜಗಳ ಎಂಬ ಭಾವನೆ ಕರಗುತ್ತಾ ಬಂದಿತು. ಆ ವೃತ್ತಾಂತವನ್ನೂ, ಅದು ನನ್ನೊಳಗೆ ಎಬ್ಬಿಸಿದ ಒಂದು ಹಳೆಯ ಲೆಕ್ಕವನ್ನೂ ಸಾಧರ್ಮಿ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅರಿಜೋನಾದ ನಡುಭಾಗದಲ್ಲಿ ಮೊಗೊಯೋನ್ ಎಂಬ ಉದ್ದನೆಯ ಬೆಟ್ಟದ ಅಂಚಿದೆ. ಗೋಡೆಯಂತೆ ಕಡಿದಾಗಿ ಇಳಿಯುವ ಆ ಅಂಚಿನ ಕೆಳಗೆ ಹುಲ್ಲು, ನೀರು, ಪೈನ್ ಮರಗಳಿಂದ ಕೂಡಿದ ಒಂದು ಕಣಿವೆ. ಮೊದಲು ನೆಲೆಸಿದವರು ಅದಕ್ಕೆ ಪ್ಲೆಸೆಂಟ್ ವ್ಯಾಲಿ ಎಂದು, ಅಂದರೆ ಆಹ್ಲಾದದ ಕಣಿವೆ ಎಂದು ಹೆಸರಿಟ್ಟರು. ಈ ಹೆಸರಿನ ಕಣಿವೆಯಲ್ಲಿಯೇ 1880ರ ದಶಕದಲ್ಲಿ ಗ್ರಹಾಂ ಮತ್ತು ಟ್ಯೂಕ್ಸ್‌ಬರಿ ಎಂಬ ಎರಡು ಕುಟುಂಬಗಳು ಪರಸ್ಪರ ನಾಶಕ್ಕೆ ನಿಂತವು. ಸತ್ತವರ ಸಂಖ್ಯೆಯನ್ನು ಕೆಲವರು ಇಪ್ಪತ್ತರ ಸುಮಾರು ಎನ್ನುತ್ತಾರೆ, ಕೆಲವರು ಐವತ್ತರ ತನಕ ಎಣಿಸುತ್ತಾರೆ. ಅಂದು ಅರಿಜೋನಾ ಇನ್ನೂ ರಾಜ್ಯವಾಗಿರಲಿಲ್ಲ. ಕೇಂದ್ರದ ಆಡಳಿತಕ್ಕೊಳಪಟ್ಟ ಪ್ರಾಂತವಾಗಿತ್ತು. ರಾಜ್ಯದ ಸ್ಥಾನ ದೊರೆತದ್ದು 1912ರಲ್ಲಿ.

ಆಶ್ಚರ್ಯವೆಂದರೆ, ಈ ಎರಡು ಕುಟುಂಬಗಳು ಆರಂಭದಲ್ಲಿ ಸ್ನೇಹದಿಂದಿದ್ದವು. ಇಬ್ಬರೂ ಸಣ್ಣ ಪ್ರಮಾಣದ ದನಗಾಹಿಗಳು. ಆ ಸೀಮೆಯಲ್ಲಿ ಭೂಮಿಗೆ ಬೇಲಿ ಇರಲಿಲ್ಲ. ಹುಲ್ಲು ಸರಕಾರದ್ದು, ಅಂದರೆ ಎಲ್ಲರದ್ದು. ಆದರೆ ನೀರು ಯಾರ ಕೈಯಲ್ಲಿದೆಯೋ ಹುಲ್ಲು ಅವರದ್ದೇ ಎಂಬುದು ಬರೆಯದ ನಿಯಮ. ದನಗಳು ಬಯಲಿನಲ್ಲಿ ಬೆರೆತು ಮೇಯುತ್ತಿದ್ದವು. ಮೈಮೇಲೆ ಕಾಯಿಸಿದ ಕಬ್ಬಿಣದಿಂದ ಒತ್ತಿದ ಮುದ್ರೆಯೇ ಒಡೆತನದ ಸಾಕ್ಷಿ. ಮುದ್ರೆ ಬೀಳದ ಕರು ಯಾರ ಕೈಗೆ ಸಿಕ್ಕಿತೋ ಅವರದ್ದು. ಇಂಥಲ್ಲಿ ಕಳ್ಳತನ ಎಲ್ಲಿ ಆರಂಭವಾಗುತ್ತದೆ, ವ್ಯವಹಾರ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ಕಣಿವೆಯಲ್ಲಿ ಜೇಮ್ಸ್ ಸ್ಟಿನ್ಸನ್ ಎಂಬ ದೊಡ್ಡ ದನದ ಒಡೆಯನಿದ್ದ. ಅವನ ದನಗಳು ಕಾಣೆಯಾಗತೊಡಗಿದಾಗ ಗ್ರಹಾಂ ಸಹೋದರರು ಅವನ ಪಕ್ಷಕ್ಕೆ ಸರಿದು ತಮ್ಮ ಹಳೆಯ ಗೆಳೆಯರ ಮೇಲೆ ಕಳ್ಳತನದ ದೂರು ಕೊಟ್ಟರು. 1884ರಲ್ಲಿ ಆ ಮೊಕದ್ದಮೆ ನಿಲ್ಲದೆ ಬಿದ್ದುಹೋಯಿತು. ಆದರೆ ಮನಸ್ಸಿನೊಳಗಿನ ಮೊಕದ್ದಮೆ ಬೀಳಲಿಲ್ಲ.

ಅದೇ ಕಾಲಕ್ಕೆ ಬೆಟ್ಟದ ಮೇಲ್ಭಾಗದಲ್ಲಿ ಆಜ್‌ಟೆಕ್ ಎಂಬ ಹೆಸರಿನ ಕಂಪನಿಯೊಂದು ರೈಲ್ವೆಯವರಿಂದ ಹತ್ತು ಲಕ್ಷ ಎಕರೆ ಭೂಮಿ ಕೊಂಡು, ಟೆಕ್ಸಾಸಿನಿಂದ ಸಾವಿರಾರು ದನಗಳನ್ನೂ ಅವುಗಳ ಹಿಂದೆ ಕುದುರೆಯೇರಿ ಬಂದೂಕು ಹಿಡಿದ ಯುವಕರನ್ನೂ ತಂದಿಳಿಸಿತು. ಕುರಿಗಳ ಒಡೆಯರಿಗೆ ಮೇವಿನ ನೆಲ ಇಕ್ಕಟ್ಟಾಯಿತು. 1887ರ ಆರಂಭದಲ್ಲಿ ಫ್ಲಾಗ್‌ಸ್ಟಾಫ್ ಪಟ್ಟಣದ ಡ್ಯಾಗ್ಸ್ ಸಹೋದರರು ತಮ್ಮ ಕುರಿಗಳನ್ನು ಬೆಟ್ಟದ ಅಂಚನ್ನು ದಾಟಿಸಿ ಕಣಿವೆಗೆ ಇಳಿಸಿದರು; ಟ್ಯೂಕ್ಸ್‌ಬರಿಗಳು ಅವುಗಳ ಕಾವಲಿಗೆ ನಿಂತರು. ಕುರಿ ಮೇದ ನೆಲದಲ್ಲಿ ದನಕ್ಕೆ ಹುಲ್ಲುಳಿಯದು ಎಂಬುದು ದನಗಾಹಿಗಳ ದೃಢವಾದ ನಂಬಿಕೆ. ಫೆಬ್ರವರಿಯಲ್ಲಿ ಕುರಿ ಕಾಯುತ್ತಿದ್ದವನೊಬ್ಬನನ್ನು ಕೊಂದರು. ಅವನು ನವಾಹೋ ಬುಡಕಟ್ಟಿನವನು ಎಂದು ಹೆಚ್ಚಿನ ವೃತ್ತಾಂತಗಳು ಹೇಳುತ್ತವೆ. ಆದರೆ ಅವನ ಹೆಸರನ್ನು ಹೇಳುವುದಿಲ್ಲ. ಕೊಂದವರ ಹೆಸರುಗಳು, ಅವರ ಕುದುರೆಗಳು, ಅವರು ಹಿಡಿದ ಬಂದೂಕಿನ ಬಗೆ ಎಲ್ಲವನ್ನೂ ಬರೆದಿಟ್ಟ ಲೋಕ, ಕೂಲಿಗಾಗಿ ಕುರಿ ಕಾಯುತ್ತಿದ್ದ ಒಬ್ಬ ಬಡವನ ಹೆಸರನ್ನು ಬರೆದಿಡಲಿಲ್ಲ.

ಅಲ್ಲಿಂದ ಮುಂದಿನದು ಒಂದೇ ವರ್ಷದ ಕಥೆ. ಬ್ಲೆವಿನ್ಸ್ ಎಂಬ ಕುಟುಂಬ ಗ್ರಹಾಂ ಪಕ್ಷದಲ್ಲಿತ್ತು. ಆ ಮನೆಯ ಯಜಮಾನ ಬೇಸಗೆಯಲ್ಲಿ ಕುದುರೆ ಹುಡುಕಲು ಹೋದವನು ಮರಳಲೇ ಇಲ್ಲ. ಆಗಸ್ಟಿನಲ್ಲಿ ಅವನ ಮಗ ಹ್ಯಾಂಪ್ಟನ್, ಟ್ಯೂಕ್ಸ್‌ಬರಿಗಳಿದ್ದ ಮನೆಯೊಂದರ ಮುಂದೆ ಹೆಣವಾದ. ಮೊದಲು ಗುಂಡು ಹಾರಿಸಿದವರು ಯಾರೆಂಬುದಕ್ಕೆ ಎರಡೂ ಪಕ್ಷಗಳ ಉತ್ತರ ಒಂದೇ: ಅವರು. ಕೆಲವೇ ದಿನಗಳಲ್ಲಿ ಗ್ರಹಾಂ ಸಹೋದರರಲ್ಲಿ ಕಿರಿಯನಾದ, ಇಪ್ಪತ್ತೆರಡರ ಪ್ರಾಯದ ಬಿಲ್ಲಿ ಗುಂಡೇಟಿನಿಂದ ಸತ್ತ. ಸೆಪ್ಟೆಂಬರ್ 2ರಂದು ಜಾನ್ ಟ್ಯೂಕ್ಸ್‌ಬರಿಯನ್ನೂ ಅವನ ಸಂಗಡಿಗನನ್ನೂ ಮನೆಯ ಹತ್ತಿರವೇ ಹೊಂಚುಹಾಕಿ ಕೊಂದರು. ಜಾನನ ಹೆಂಡತಿ ಆಗ ಗರ್ಭಿಣಿ. ಶವಗಳನ್ನು ಹಂದಿಗಳು ಮುಟ್ಟತೊಡಗಿದಾಗ ಆಕೆ ಸಲಿಕೆ ಹಿಡಿದು ಹೊರಗೆ ಬಂದಳೆಂದೂ, ಆಕೆ ಮಣ್ಣು ಎಳೆಯುವ ತನಕ ಶತ್ರುಗಳು ಬಂದೂಕು ಇಳಿಸಿದರೆಂದೂ ಒಂದು ಪ್ರತೀತಿ ಇದೆ. ಕೆಲವು ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಸೆಪ್ಟೆಂಬರ್ 4ರಂದು ಹೋಲ್‌ಬ್ರೂಕ್ ಎಂಬ ಊರಿನಲ್ಲಿ ಷೆರೀಫ್ ಕಮೊಡೋರ್ ಪೆರಿ ಓವೆನ್ಸ್ ಎಂಬ ಅಧಿಕಾರಿ ಬಂಧನದ ಆಜ್ಞೆ ಹಿಡಿದು ಬ್ಲೆವಿನ್ಸ್ ಮನೆಗೆ ಬಂದಾಗ ನಡೆದ ಗುಂಡಿನ ಕಾಳಗದಲ್ಲಿ ಅದೇ ಮನೆಯ ಇನ್ನಿಬ್ಬರು ಮಕ್ಕಳು ಸತ್ತರು. ಅವರಲ್ಲಿ ಒಬ್ಬ ಹದಿನೈದು ಹದಿನಾರರ ಬಾಲಕ. ಅದೇ ತಿಂಗಳು ಮತ್ತೊಬ್ಬ ಮಗನೂ, ಅವನೊಡನೆ ಜಾನ್ ಗ್ರಹಾಂನೂ ಇನ್ನೊಬ್ಬ ಷೆರೀಫನ ಪಡೆಯ ಗುಂಡಿಗೆ ಬಲಿಯಾದರು.

ಒಬ್ಬ ತಾಯಿ ಒಂದೇ ಬೇಸಗೆಯಲ್ಲಿ ಗಂಡನನ್ನೂ ನಾಲ್ವರು ಗಂಡುಮಕ್ಕಳನ್ನೂ ಕಳೆದುಕೊಂಡಳು. ಆಗಸ್ಟ್, ಸೆಪ್ಟೆಂಬರ್ ಎಂದರೆ ನಮ್ಮಲ್ಲಿ ದಶಲಕ್ಷಣ ಪರ್ವ ಬರುವ ಕಾಲ. ನಾವು ಉತ್ತಮ ಕ್ಷಮೆಯಿಂದ ಆರಂಭಿಸಿ ಹತ್ತು ಧರ್ಮಗಳನ್ನು ಚಿಂತಿಸುವ ದಿನಗಳಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಆ ತಾಯಿ ಶವಗಳನ್ನು ಎಣಿಸುತ್ತಿದ್ದಳು.

ಮರುವರ್ಷ ಆಗಸ್ಟಿನಲ್ಲಿ ಮೂವರು ಯುವಕರನ್ನು ವಿಚಾರಣೆಯಿಲ್ಲದೆ ಬೆಟ್ಟದಂಚಿನ ಮರಕ್ಕೆ ನೇಣು ಹಾಕಲಾಯಿತು. ಟಾಮ್ ಗ್ರಹಾಂ ಕಣಿವೆಯನ್ನು ಬಿಟ್ಟು ಟೆಂಪಿಗೆ ಬಂದು ಮದುವೆಯಾಗಿ, ಹೆಣ್ಣುಮಗುವಿನ ತಂದೆಯಾಗಿ ಬೇಸಾಯ ಹಿಡಿದಿದ್ದ. ಐದು ವರ್ಷಗಳ ಬಳಿಕ ವೈರ ಅವನನ್ನು ಅಲ್ಲಿಯೂ ಹುಡುಕಿಕೊಂಡು ಬಂದಿತು. ಆರೋಪಿಗಳಲ್ಲಿ ಒಬ್ಬನ ವಿಚಾರಣೆ ನಡೆಯುತ್ತಿದ್ದಾಗ ಟಾಮನ ವಿಧವೆ ನ್ಯಾಯಾಲಯದೊಳಗೇ ಪಿಸ್ತೂಲು ಎತ್ತಿದಳು, ಗುಂಡು ಹಾರಲಿಲ್ಲ. ಅವನ ಬಿಡುಗಡೆಯಾಯಿತು. ಇನ್ನೊಬ್ಬ ಆರೋಪಿ ಎಡ್ ಟ್ಯೂಕ್ಸ್‌ಬರಿಯನ್ನು 1893ರಲ್ಲಿ ಪಂಚರು ತಪ್ಪಿತಸ್ಥನೆಂದರೂ, ವಿಧಿವಿಧಾನದ ಲೋಪದಿಂದ ಆ ತೀರ್ಪು ನಿಲ್ಲಲಿಲ್ಲ. ಎರಡನೆಯ ವಿಚಾರಣೆಯಲ್ಲಿ ಪಂಚರು ಒಮ್ಮತಕ್ಕೆ ಬರಲಿಲ್ಲ. ಅವನೂ ಹೊರಗೆ ಬಂದ. ಅಷ್ಟರಲ್ಲಿ ಗ್ರಹಾಂ ಸಹೋದರರು ಮೂವರೂ ಇರಲಿಲ್ಲ. 1904ರಲ್ಲಿ ಎಡ್ ಕೂಡ ರೋಗದಿಂದ ತೀರಿಕೊಂಡ. ಜೇನ್ ಗ್ರೇ ಎಂಬ ಕಾದಂಬರಿಕಾರ 1921ರಲ್ಲಿ ಈ ವೈರವನ್ನು ಆಧರಿಸಿ ಬರೆದ ಕಾದಂಬರಿಗೆ ‘ಕೊನೆಯ ಮನುಷ್ಯನ ತನಕ’ ಎಂಬ ಅರ್ಥದ ಹೆಸರಿಟ್ಟ.

ಇಷ್ಟು ಓದಿದಾಗ ಇದು ಕುರಿ ಮತ್ತು ದನಗಳ ಯುದ್ಧ, ಹುಲ್ಲು ನೀರಿನ ಯುದ್ಧ ಎಂದೇ ತೋರುತ್ತದೆ. ಬಹುಕಾಲ ಹಾಗೆಯೇ ಬರೆದರು. ಪರಿಗ್ರಹವೇ ಇದರ ಮೂಲ ಎಂದು ನಾನೂ ಮೊದಲು ಟಿಪ್ಪಣಿ ಮಾಡಿಕೊಂಡೆ. ಅಷ್ಟರಿಂದ ಒಂದು ಪ್ರವಚನಕ್ಕೆ ಸಾಲುವಷ್ಟು ಸಾಮಗ್ರಿ ಸಿಕ್ಕಿತೆಂದು ಸಂತೋಷಪಟ್ಟೆ. ಯಾವ ಹುಲ್ಲಿಗಾಗಿ ಹೊಡೆದಾಡಿದರೋ ಆ ಹುಲ್ಲು ಅತಿಯಾದ ಮೇವಿನಿಂದ ಬೇರುಸಹಿತ ಹೋಯಿತು. 1891ರಿಂದ 1893ರ ತನಕದ ಬರದಲ್ಲಿ ಅರಿಜೋನಾದ ದನಗಳು ಲೆಕ್ಕವಿಲ್ಲದಷ್ಟು ಸತ್ತವು. ಆ ಮೂಕಜೀವಿಗಳನ್ನು ಜೀವಗಳೆಂದು ಎಣಿಸಿದವರು ಎರಡೂ ಪಕ್ಷದಲ್ಲಿ ಇರಲಿಲ್ಲ. ಮುದ್ರೆಯೊತ್ತಿದ ಆಸ್ತಿಯೆಂದೇ ಎಣಿಸಿದರು. ಪರಿಗ್ರಹ ಪರಿಮಾಣ ವ್ರತದ ಮಹತ್ವಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಆದರೆ ಓದು ಮುಂದುವರಿದಂತೆ ಒಂದು ಮಾತು ಮತ್ತೆ ಮತ್ತೆ ಎದುರಾಯಿತು. ಟ್ಯೂಕ್ಸ್‌ಬರಿ ಸಹೋದರರ ತಂದೆ ಬಿಳಿಯ. ತಾಯಿ ಕ್ಯಾಲಿಫೋರ್ನಿಯಾದ ಮೂಲನಿವಾಸಿ ಜನಾಂಗದವಳು. ಅಂದಿನ ಪತ್ರಿಕೆಗಳೂ ಕಣಿವೆಯ ಜನರೂ ಆ ಮಕ್ಕಳನ್ನು ಕರೆಯುತ್ತಿದ್ದುದು ಅರ್ಧ ತಳಿಯವರು ಎಂದು. ನಮ್ಮ ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಇದೆ: ಬೆರಕೆ. ಬಿಳಿಯರು ಮೂಲನಿವಾಸಿಗಳನ್ನು ಮದುವೆಯಾಗುವುದನ್ನು ಅರಿಜೋನಾ ಪ್ರಾಂತದ ಕಾನೂನು 1860ರ ದಶಕದಲ್ಲಿಯೇ ನಿಷೇಧಿಸಿತ್ತು. ಆ ನಿಷೇಧ ಹಲವು ದಶಕಗಳ ಕಾಲ ಉಳಿಯಿತು. ಇಂಥ ನಾಡಿನಲ್ಲಿ ಅಂಥ ತಾಯಿಯ ಮಕ್ಕಳ ಮೇಲೆ ಕಳ್ಳತನದ ಆರೋಪ ಬಂದರೆ ಅದು ಬಹುಬೇಗ ನಂಬಿಕೆಯಾಗುತ್ತದೆ. ದನ ಕಳೆದವನಿಗೆ ಕಳ್ಳ ಬೇಕು. ಕಳ್ಳನ ಮುಖ ಹೇಗಿರಬೇಕೆಂದು ಅವನ ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಕುರಿ ಕಾಯುವವರಲ್ಲಿ ಮೆಕ್ಸಿಕೋ ಮೂಲದವರೂ ಮೂಲನಿವಾಸಿಗಳೂ ಹೆಚ್ಚಾಗಿದ್ದುದರಿಂದ ಕುರಿಯ ಮೇಲಿನ ತಿರಸ್ಕಾರಕ್ಕೂ ಮನುಷ್ಯನ ಮೇಲಿನ ತಿರಸ್ಕಾರಕ್ಕೂ ನಡುವೆ ಗೆರೆ ಉಳಿಯಲಿಲ್ಲ. ಹೊಸದಾಗಿ ಬಂದು ನೆಲೆಸಿದ್ದ ಮಾರ್ಮನ್ ಪಂಥದವರನ್ನೂ ಟೆಕ್ಸಾಸಿನ ಯುವಕರು ಇದೇ ಬಗೆಯ ಹಗೆತನದಿಂದ ಕಾಣುತ್ತಿದ್ದರು. ವೈರಕ್ಕೆ ಹುಲ್ಲು ನೀರು ಸೌದೆಯಾದವು ನಿಜ. ಆದರೆ ಆ ಸೌದೆಗೆ ತಗುಲಿದ ಕಿಡಿ ಆ ಮಾತಿನಲ್ಲಿತ್ತು.

ಆ ಪುಟವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಎದ್ದು ಬಂದೆ. ಏಕೆಂದರೆ ಆ ಮಾತನ್ನು ಆಡಿದವನು ನಾನು.

ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಆಲೋಚನೆಯಿಲ್ಲದ ಪ್ರತಿಕ್ರಮಣವಿಲ್ಲ. ತಪ್ಪನ್ನು ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದಕ್ಕೇ ನಮ್ಮ ಹಿರಿಯರು ಆಲೋಚನೆ ಎಂದು ಹೆಸರಿಟ್ಟಿದ್ದಾರೆ. ನಾವು ಬೆಳಗಾವಿ ಸೀಮೆಯ ಬೇಸಾಯದ ಜೈನರು. ನನಗೆ ಒಬ್ಬನೇ ಅಣ್ಣ. ಹೊಲಗಳು ಪಾಲಾದರೂ ಬಾವಿ ಒಂದೇ. ನಾಲ್ಕು ದಿನ ಅವನ ಪಾಳಿ, ನಾಲ್ಕು ದಿನ ನನ್ನ ಪಾಳಿ. ತಂದೆಯವರ ಕಾಲದ ಬದು ಯಾರೂ ಅಳೆಯದೆ ಹಾಗೆಯೇ ಇತ್ತು. ಹತ್ತೊಂಬತ್ತು ವರ್ಷಗಳ ಹಿಂದೆ ಅಣ್ಣನ ಮಗ ತಾನು ಮೆಚ್ಚಿದ ಹುಡುಗಿಯನ್ನು ಮದುವೆಯಾಗುವುದಾಗಿ ಹೇಳಿದ. ಹುಡುಗಿಯ ತಂದೆ ನಮ್ಮವರೇ; ತಾಯಿ ಬೇರೆ ಸಮುದಾಯದಿಂದ ಬಂದವರು. ಮಾತುಕತೆಗೆಂದು ಆ ತಂದೆತಾಯಿ ಅಣ್ಣನ ಮನೆಗೆ ಬಂದ ದಿನ, ಪಡಸಾಲೆಯಲ್ಲಿ ಹತ್ತು ಜನ ಹಿರಿಯರು ಕುಳಿತಿದ್ದಾಗ, ನಾನು ಗಟ್ಟಿಯಾಗಿ ಹೇಳಿದೆ: “ನಮ್ಮ ಮನೆತನಕ್ಕೆ ಬೆರಕೆ ಬೇಡ.”

ಆ ತಾಯಿ ಬಾಗಿಲ ಪಕ್ಕದಲ್ಲಿಯೇ ಕುಳಿತಿದ್ದರು. ಏನೂ ಹೇಳಲಿಲ್ಲ. ಸೆರಗನ್ನು ಸರಿಮಾಡಿಕೊಂಡು ನೆಲ ನೋಡಿದರು. ಅಣ್ಣನೂ ಏನೂ ಹೇಳಲಿಲ್ಲ. ಮದುವೆ ಆಯಿತು, ನಾನು ಹೋಗಲಿಲ್ಲ. ಮರುತಿಂಗಳು ಅಣ್ಣ ಸರ್ವೆಯವರನ್ನು ಕರೆಸಿ ಬದು ಅಳೆಸಿದ. ಎರಡು ಗುಂಟೆ ಜಾಗ ನನ್ನ ಕಡೆಗೆ ಸರಿದಿದೆ ಎಂದು ಬಂದಿತು. ಅಲ್ಲಿಂದ ಹನ್ನೊಂದು ವರ್ಷ ಕೋರ್ಟು. ಆ ಎರಡು ಗುಂಟೆಯ ಬೆಲೆಯ ಎಷ್ಟೋ ಪಟ್ಟು ಹಣ ಇಬ್ಬರದೂ ಹೋಯಿತು. ಕೇಳಿದವರಿಗೆಲ್ಲ ನಾನು ಹೇಳಿದ್ದು, ಇದು ಬದುವಿನ ಜಗಳ ಎಂದು. ಊರಿನವರೂ ಹಾಗೆಯೇ ನಂಬಿದರು. ಕಣಿವೆಯ ಜನ ಕುರಿಯ ಜಗಳ ಎಂದಂತೆಯೇ ಇದು. ಹೊಲದ ಜಗಳ ಎಂದರೆ ಇಬ್ಬರಿಗೂ ಸಮಪಾಲು ತಪ್ಪು ಬರುತ್ತದೆ. ಆ ಹೆಸರಿನ ಮರೆಯಲ್ಲಿ ನನ್ನ ಮಾತು ಬಚ್ಚಿಟ್ಟುಕೊಂಡಿತು.

ಜಗಳ ಹೊಲದಲ್ಲಿಯೇ ಉಳಿದಿದ್ದರೆ ಒಂದು ಬಗೆ. ನಾನು ಆಗ ನಮ್ಮೂರ ಬಸದಿಯ ಟ್ರಸ್ಟಿನ ಕಾರ್ಯದರ್ಶಿ. ಚಾತುರ್ಮಾಸದಲ್ಲಿ ಮುನಿಗಳು ಬಂದಾಗ ಆಹಾರದಾನಕ್ಕೆ ಮನೆಗಳ ಸರದಿಯ ಪಟ್ಟಿ ಬರೆಯುವುದು ನನ್ನ ಕೆಲಸ. ಶುದ್ಧಿಯ ನೆಪವೊಡ್ಡಿ ಅಣ್ಣನ ಮನೆಯ ಹೆಸರನ್ನು ಬಿಟ್ಟು ಬರೆದೆ. ಮರುವರ್ಷವೂ ಬಿಟ್ಟೆ. ಮೂರನೆಯ ವರ್ಷ ಬೇರೆಯವರು ಬರೆದರೂ ಹಿಂದಿನ ಪಟ್ಟಿಯನ್ನೇ ನೋಡಿ ಬರೆದರು. ಟ್ರಸ್ಟಿನಲ್ಲಿ ಎರಡು ಗುಂಪಾಯಿತು. ಅಣ್ಣನ ಕಡೆಯವರೆಂದು ಸೇರಿದವರಲ್ಲಿ ಕೆಲವರಿಗೆ ನನ್ನ ಮೇಲೆ ಬೇರೆ ಸಿಟ್ಟಿತ್ತು. ನನ್ನ ಕಡೆಗೆ ಬಂದವರಲ್ಲಿ ಕೆಲವರಿಗೆ ಅಣ್ಣನಿಂದ ಸಾಲ ತೀರಿಸುವುದಿತ್ತು. ಅಭಿಷೇಕದ ಕಲಶದ ಸವಾಲಿನಲ್ಲಿ ಒಂದು ಗುಂಪು ಏರಿಸಿದರೆ ಇನ್ನೊಂದು ಅದಕ್ಕಿಂತ ಮೇಲೆ ಏರಿಸುತ್ತಿತ್ತು. ಬಸದಿಗೆ ಹಣ ಬಂದಿತು. ಅದನ್ನು ಭಕ್ತಿಯೆಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆವು. ಪ್ಲೆಸೆಂಟ್ ವ್ಯಾಲಿಯಲ್ಲಿಯೂ ಸತ್ತವರಲ್ಲಿ ಬಹುಮಂದಿ ಗ್ರಹಾಂಗಳೂ ಅಲ್ಲ, ಟ್ಯೂಕ್ಸ್‌ಬರಿಗಳೂ ಅಲ್ಲ. ತಂತಮ್ಮ ಕಾರಣಗಳಿಗಾಗಿ ಬೇರೆಯವರ ವೈರದೊಳಗೆ ಕಾಲಿಟ್ಟವರು.

ಮೂರು ವರ್ಷಗಳ ಹಿಂದೆ ಅಣ್ಣ ತೀರಿಕೊಂಡ. ಅಂತ್ಯಸಂಸ್ಕಾರಕ್ಕೆ ಹೋದೆ, ಮನೆಯೊಳಗೆ ಹೋಗಲಿಲ್ಲ. ಪ್ರತಿವರ್ಷ ಕ್ಷಮಾವಾಣಿಯ ದಿನ ನೂರಾರು ಜನರಿಗೆ ಅಚ್ಚು ಹಾಕಿಸಿದ ಕಾರ್ಡು ಕಳಿಸುತ್ತಿದ್ದೆ. ಮುಂಬಯಿಗೆ, ಅಮೆರಿಕಕ್ಕೆ ಹೋಗುತ್ತಿದ್ದ ಆ ಕಾರ್ಡು ಬದು ದಾಟಿ ನೂರು ಹೆಜ್ಜೆ ಆಚೆಯ ಮನೆಗೆ ಹೋಗಲಿಲ್ಲ.

ಟೆಂಪಿಯ ಮನೆಯಲ್ಲಿ ನಾನು ಒಯ್ದಿದ್ದ ಸ್ವಾಧ್ಯಾಯದ ಪುಸ್ತಕಗಳನ್ನು ಆ ರಾತ್ರಿ ತೆರೆದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸುವ ಎಂಟು ಮದಗಳನ್ನು ನಾನು ಮಕ್ಕಳಿಗೆ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದವನು. ಅವುಗಳಲ್ಲಿ ಕುಲಮದ ಬೇರೆ, ಜಾತಿಮದ ಬೇರೆ. ತಂದೆಯ ವಂಶದಿಂದ ಬರುವ ಹೆಮ್ಮೆ ಕುಲಮದ. ತಾಯಿಯ ವಂಶದಿಂದ ಬರುವುದು ಜಾತಿಮದ. ಈ ಭೇದವನ್ನು ವ್ಯಾಖ್ಯಾನಕಾರರ ಸೂಕ್ಷ್ಮತೆಯೆಂದು ಮೆಚ್ಚಿ ಹೇಳುತ್ತಿದ್ದೆನೇ ಹೊರತು ಅದರ ಅಗತ್ಯ ನನಗೆ ತಿಳಿದಿರಲಿಲ್ಲ. ಟ್ಯೂಕ್ಸ್‌ಬರಿಗಳನ್ನು ಹೀನವಾಗಿ ಕಂಡದ್ದು ತಾಯಿಯ ಕಡೆಯಿಂದ. ನಾನು ಆ ಹುಡುಗಿಯನ್ನು ಅಳೆದದ್ದೂ ತಾಯಿಯ ಕಡೆಯಿಂದ. ಸಾವಿರಾರು ವರ್ಷಗಳ ಹಿಂದೆಯೇ ಈ ದೋಷಕ್ಕೆ ಬೇರೆಯೇ ಹೆಸರಿಟ್ಟು, ಇದು ಸಮ್ಯಗ್ದರ್ಶನವನ್ನೇ ಕೆಡಿಸುವ ಮಲವೆಂದು ಎಚ್ಚರಿಸಿದ್ದರು. ಶುದ್ಧಿಯ ಹೆಸರಿನಲ್ಲಿ ನಾನು ಪಟ್ಟಿಯಿಂದ ಹೊರಗಿಟ್ಟದ್ದು ಒಂದು ಮನೆಯನ್ನು. ಅಶುದ್ಧವಾಗಿ ಉಳಿದದ್ದು ಬರೆದ ಕೈ.

ಇನ್ನೊಂದು ವಿಷಯ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಉಪಮೆಗಳಿವೆ: ನೀರಿನ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ಭೂಮಿಯ ಬಿರುಕು, ಕಲ್ಲಿನ ಮೇಲಿನ ಗೆರೆ. ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬ ಲೆಕ್ಕವೂ ಅಲ್ಲಿದೆ. ಅತಿ ಮಂದವಾದುದು ಅಂತರ್ಮುಹೂರ್ತದಲ್ಲಿ ಅಳಿಯುತ್ತದೆ. ಮುಂದಿನದು ಒಂದು ಪಕ್ಷದೊಳಗೆ. ಅದರ ಮುಂದಿನದು ಆರು ತಿಂಗಳೊಳಗೆ. ಆರು ತಿಂಗಳನ್ನೂ ದಾಟಿ ನಿಂತರೆ ಅದು ಅನಂತಾನುಬಂಧಿ; ಭವಭವಗಳಿಗೆ ಕೊಂಡೊಯ್ಯುವಂಥದು. ಪಾಠ ಹೇಳುವಾಗ ಈ ಆರು ತಿಂಗಳ ಗಡಿಯನ್ನು ನಾನು ಅನೇಕ ಬಾರಿ ಹೇಳಿದ್ದೇನೆ. ಹೇಳುವಾಗ ನನ್ನ ಹತ್ತೊಂಬತ್ತು ವರ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನಾನು ಸಿಟ್ಟಿನ ಮನುಷ್ಯನಲ್ಲ ಎಂಬುದು ನನ್ನ ನಂಬಿಕೆ. ಆ ವರ್ಷಗಳಲ್ಲಿ ಒಮ್ಮೆಯೂ ಧ್ವನಿಯೇರಿಸಿರಲಿಲ್ಲ. ಆದರೆ ಕಲ್ಲಿನ ಮೇಲಿನ ಗೆರೆಗೆ ಧ್ವನಿ ಬೇಕಾಗಿಲ್ಲ.

ಹೊರಡುವ ಮೊದಲು ಅಳಿಯಂದಿರು ನನ್ನನ್ನು ಆ ಕಣಿವೆಗೆ ಕರೆದೊಯ್ದರು. ಯಂಗ್ ಎಂಬುದು ಈಗಿನ ಊರಿನ ಹೆಸರು. ದಾರಿಯ ಒಂದು ಭಾಗ ಇಂದಿಗೂ ಮಣ್ಣಿನ ರಸ್ತೆ. ಊರಿನ ಸಣ್ಣ ಸ್ಮಶಾನದಲ್ಲಿ ಜಾನ್ ಮತ್ತು ಬಿಲ್ಲಿ ಗ್ರಹಾಂ ಇದ್ದಾರೆ. ಜಾನ್ ಟ್ಯೂಕ್ಸ್‌ಬರಿ ತನ್ನ ಸಂಗಡಿಗನೊಡನೆ ತನ್ನದೇ ಹೊಲದ ಮಣ್ಣಿನಲ್ಲಿದ್ದಾನೆ. ಸುತ್ತ ಹುಲ್ಲು, ಪೈನ್ ಮರಗಳ ನಡುವೆ ಗಾಳಿ. ಹೆಸರಿಗೆ ತಕ್ಕ ಕಣಿವೆ. ಯಾರ ಹುಲ್ಲು, ಯಾರ ನೀರು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನವಕಾರ ಮಂತ್ರವನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಹೆಸರಿಲ್ಲದ ಆ ಕುರಿಗಾಹಿಗಾಗಿ ಇನ್ನೊಮ್ಮೆ ಹೇಳಿಕೊಂಡೆ.

ಭಗವಾನ್ ಪಾರ್ಶ್ವನಾಥರ ಪೂರ್ವಭವದ ಕಥೆ ನಮಗೆಲ್ಲ ಗೊತ್ತಿದೆ. ತನ್ನ ಪತ್ನಿಯ ವಿಷಯದಲ್ಲಿ ಅಪರಾಧಗೈದು ಗಡೀಪಾರಾದ ಅಣ್ಣ ಕಮಠನ ಬಳಿಗೆ ತಮ್ಮ ಮರುಭೂತಿ ತಾನೇ ಹೋಗಿ ಕ್ಷಮೆ ಕೇಳಿ ಬಾಗಿದ. ಕಮಠ ಎತ್ತಿ ಹಿಡಿದಿದ್ದ ಬಂಡೆಯನ್ನು ಅವನ ತಲೆಯ ಮೇಲೆ ಹಾಕಿದ. ಭವಭವಾಂತರ ಆ ವೈರ ನಡೆಯಿತು. ಚಿಕ್ಕಂದಿನಲ್ಲಿ ನನಗೆ ಈ ಕಥೆ ಅನ್ಯಾಯವೆನಿಸುತ್ತಿತ್ತು. ಕ್ಷಮೆಯಿಂದ ಆದ ಲಾಭವೇನು ಎಂದು ಅಜ್ಜಿಯನ್ನು ಕೇಳಿದ್ದೆ. ಈಗ ಅರ್ಥವಾಗುತ್ತದೆ. ಕ್ಷಮೆಯಿಂದ ಎದುರಿನವನ ಬಂಡೆ ನಿಲ್ಲುತ್ತದೆಂಬ ಭರವಸೆಯನ್ನು ನಮ್ಮ ಪುರಾಣ ಕೊಡುವುದಿಲ್ಲ. ಮುಂದಿನ ಭವಗಳಲ್ಲಿ ಹಗೆಯ ಹಗ್ಗದ ಒಂದು ತುದಿ ಮಾತ್ರ ಹಿಡಿತದಲ್ಲಿತ್ತು. ಇನ್ನೊಂದು ತುದಿ ಸಡಿಲವಾಗುತ್ತಾ ಬಂದು ಒಬ್ಬ ತೀರ್ಥಂಕರನಾದ. ಅರಿಜೋನಾದಲ್ಲಿ ಎರಡು ತುದಿಯನ್ನೂ ಹಿಡಿದವರೇ ಇದ್ದರು. ಕೊನೆಯವನ ತನಕ ಎಳೆದರು.

ಊರಿಗೆ ಮರಳಿದ ವರ್ಷ ಕ್ಷಮಾವಾಣಿಯ ದಿನ ಬದು ದಾಟಿ ಹೋದೆ. ನಾನೇನೂ ಮರುಭೂತಿಯಲ್ಲ, ಅಪರಾಧ ನನ್ನದೇ. ಅಣ್ಣನ ಮಗ ಹೊಲಕ್ಕೆ ಹೋಗಿದ್ದ. ಬಾಗಿಲು ತೆರೆದವಳು ಅವನ ಹೆಂಡತಿ. ನನಗಿಂತ ಮೂವತ್ತು ವರ್ಷ ಚಿಕ್ಕವಳು. ಕೈಮುಗಿಯುವುದು ಅಭ್ಯಾಸವಿಲ್ಲದ ಕಡೆ ಕೈ ಎತ್ತುವುದು ಎಷ್ಟು ಭಾರವೆಂದು ಅಂದು ತಿಳಿಯಿತು. ಆ ದಿನದ ಮಾತಿಗಾಗಿ, ಪಟ್ಟಿಗಾಗಿ, ಎಂದು ಎರಡನ್ನೂ ಹೆಸರಿಸಿ ಕ್ಷಮೆ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಚಾಪೆ ಹಾಸಿ ಕೂಡಿಸಿದಳು. ಸೋಸಿದ ನೀರಿನ ತಂಬಿಗೆ ತಂದಿಟ್ಟಳು. ಆಮೇಲೆ ಹೇಳಿದಳು:

“ಕಾಕಾರ, ನನ್ನ ಪಾಲಿಂದು ನಾ ಎಂದೋ ಬಿಟ್ಟೀನ್ರಿ. ಆದ್ರ ಆ ಮಾತು ನೀವು ಅಂದಿದ್ದು ನಮ್ಮವ್ವಗ. ಆಕಿ ತೀರಿಕೊಂಡು ಆರು ವರ್ಷ ಆತು. ಆಕಿ ಪಾಲಿಂದು ನಾ ಹೆಂಗ ಬಿಡಲಿ?”

ಅದರಲ್ಲಿ ಕೋಪವಿರಲಿಲ್ಲ. ನಿಜವಾದ ಪ್ರಶ್ನೆಯಂತೆ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನೀರು ಕುಡಿದು ಕುಳಿತೆ. ಅವಳ ಮಗ ಶಾಲೆಯಿಂದ ಬಂದು, ನಾನು ಯಾರೆಂದು ತಾಯಿಯನ್ನು ಕೇಳಿದ. ನಿಮ್ಮ ಸಣ್ಣ ಅಜ್ಜಾರು ಎಂದಳು. ಹುಡುಗ ಕಾಲಿಗೆ ಬಿದ್ದ.

ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ ಎಂದು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೇಳುವುದು ಸುಲಭ. ಅಷ್ಟು ಜೀವಿಗಳ ನಡುವೆ ಒಂದು ಹೆಸರನ್ನು ಮರೆಸಿಬಿಡಬಹುದು. ಕ್ಷಮೆಗೆ ಕಾಲದ ಮಿತಿಯಿಲ್ಲ ಎಂದು ನಾವು ಹೇಳುತ್ತೇವೆ. ಆದರೆ ಕೊಡಬೇಕಾದವರ ಆಯುಷ್ಯಕ್ಕೆ ಮಿತಿಯಿದೆ. ಬಾಗಿಲ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನೆಲ ನೋಡಿದ ಆ ತಾಯಿಯ ಪಾಲಿನದು ಈ ಭವದಲ್ಲಿ ನನಗೆ ತೀರದ ಋಣ. ಅದನ್ನು ಹೊತ್ತುಕೊಂಡು ಹೋಗಬೇಕು, ಅಷ್ಟಾದರೂ ನ್ಯಾಯ.

ಮಾಡಬಹುದಾದದ್ದು ಒಂದಿತ್ತು. ಟ್ರಸ್ಟಿನ ಈಗಿನ ಪದಾಧಿಕಾರಿಗಳಿಗೆ ಪತ್ರ ಬರೆದೆ. ಆಹಾರದಾನದ ಪಟ್ಟಿಯಿಂದ ಆ ಮನೆಯ ಹೆಸರನ್ನು ಬಿಟ್ಟವನು ನಾನು, ಬಿಟ್ಟದ್ದಕ್ಕೆ ಧರ್ಮದ ಕಾರಣವಿರಲಿಲ್ಲ, ಮದದ ಕಾರಣವಿತ್ತು, ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಹೆಸರನ್ನು ಮರಳಿ ಸೇರಿಸಬೇಕು ಎಂದು ಕೇಳಿಕೊಂಡೆ. ಸಭೆಯಲ್ಲಿ ಇಬ್ಬರು ಹಿರಿಯರು ಒಪ್ಪಲಿಲ್ಲ. ನಡೆದುಬಂದ ಪದ್ಧತಿಯನ್ನು ಕೆಡಿಸಬಾರದು ಎಂದರು. ಅದು ಪದ್ಧತಿಯಲ್ಲ, ನನ್ನ ಕೈಬರಹ ಎಂದೆ. ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.

ಇದನ್ನು ಓದುವ ಬಸದಿಗಳ ಟ್ರಸ್ಟಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಕಪಾಟಿನಲ್ಲಿರುವ ಹಳೆಯ ಪಟ್ಟಿಗಳನ್ನು ಒಮ್ಮೆ ತೆಗೆದು ನೋಡಿರಿ. ಬರೆದ ಹೆಸರುಗಳನ್ನಲ್ಲ, ಬಿಟ್ಟ ಹೆಸರುಗಳನ್ನು ಹುಡುಕಿರಿ. ಯಾರು ಬಿಟ್ಟರು, ಏಕೆ ಬಿಟ್ಟರು ಎಂದು ಹೇಳಬಲ್ಲವರು ಇನ್ನೂ ಬದುಕಿರುವಾಗಲೇ ಕೇಳಿರಿ.